ಮೂವತ್ತನಾಲ್ಕನೇ ವಾರ

ದಿಲ್ಲಿಯ ಕಾಗದ ಬಂದ ದಿನ ಮಧ್ಯಾಹ್ನ ನಾರಾಯಣಪ್ಪನ ಮನೆಯಲ್ಲಿ ರಾಗಿ ಮುದ್ದೆ, ಹುರುಳಿ ಸಾರು. ಪಂಚಾಯಿತಿ ಕ್ಲರ್ಕು ಪಳನಿಯಪ್ಪನ್ ಗಾಡಿ ನಿಲ್ಲಿಸಿ ಒಳಗೆ ಬಂದವನು, ಉಣ್ಣುತ್ತ ಕುಳಿತಿದ್ದ ನಾರಾಯಣಪ್ಪನ ಎಡಗೈಗೆ ಕಾಗದ ಕೊಟ್ಟ. ಅದರ ಮೇಲಿದ್ದ ಹೆಸರು ಸೊಸೆ ವನಿತಾಳದು. ಅವಳು ಎರಡು ಮಾರು ದೂರದಲ್ಲಿ ಸಾರಿನ ಪಾತ್ರೆ ಹಿಡಿದು ನಿಂತಿದ್ದಳು.

ತಮಿಳುನಾಡಿನ ಹರೂರಿನಿಂದ ಹನ್ನೆರಡು ಕಿಲೋಮೀಟರು ಆಚೆಗಿರುವ ಆನೆಕಲ್ಲುಪಟ್ಟಿಗೆ ನಾಲ್ಕು ವರ್ಷದಿಂದ ವನಿತಾಳೇ ಪಂಚಾಯಿತಿ ಪ್ರೆಸಿಡೆಂಟು. ಸ್ಥಾನ ಹೆಂಗಸರಿಗೆ ಮೀಸಲಾದಾಗ, ಮನೆಯಲ್ಲಿ ಡಿಗ್ರಿ ಓದಿದವಳು ಇವಳೊಬ್ಬಳೇ ಎಂದು ನಾರಾಯಣಪ್ಪ ಹೊಸ ಸೊಸೆಯನ್ನು ನಿಲ್ಲಿಸಿ ಗೆಲ್ಲಿಸಿದ್ದ. ಗೆದ್ದ ಮೇಲೆ ಊರು 'ತಲೈವರೇ', ಪ್ರೆಸಿಡೆಂಟರೇ, ಎಂದು ಕರೆದದ್ದು ಅವನನ್ನು. ಸಭೆಗೆ ಹೋಗುವವನು ಅವನು, ಸಂಜೆ ಮನೆಗೆ ತಂದ ಕಾಗದಗಳಿಗೆ ಸಹಿ ಹಾಕುವವಳು ಅವಳು.

ಪಳನಿಯಪ್ಪನ್ ಕಾಗದದಲ್ಲಿ ಇದ್ದದ್ದನ್ನು ಬಿಡಿಸಿ ಹೇಳಿದ. ದೇಶದ ಹೆಂಗಸು ಪ್ರೆಸಿಡೆಂಟುಗಳ ಸಮ್ಮೇಳನ. ಧರ್ಮಪುರಿ ಜಿಲ್ಲೆಯಿಂದ ಒಬ್ಬರೇ. ಮೇಲ್‌ಕೊಟ್ಟಾಯಿಗೆ ನೀರು ತಂದ ಕೆಲಸಕ್ಕೆ ಶೀಲ್ಡು. ಜೊತೆಗೆ ಮನೆಯವರೊಬ್ಬರು ಬರಬಹುದು. ಸೇಲಂನಿಂದ ಚೆನ್ನೈಗೆ, ಅಲ್ಲಿಂದ ದಿಲ್ಲಿಗೆ ಫ್ಲೈಟು, ಟಿಕೆಟ್ಟು ಅವರದೇ.

"ಯಾವತ್ತು?" ಎಂದಳು ಅತ್ತೆ ರಾಮಕ್ಕ.

"ಇನ್ನು ಐದು ವಾರಕ್ಕೆ."

ರಾಮಕ್ಕ ಬೆರಳು ಮಡಿಚಿ ಎಣಿಸಿದಳು. ವನಿತಾಳದು ಮದುವೆಯಾಗಿ ಐದು ವರ್ಷಕ್ಕೆ ನಿಂತ ಮೊದಲ ಬಸಿರು. "ಅಷ್ಟೊತ್ಗೆ ಎಂಟು ತಿಂಗ್ಳು ಅತ್ರ ಅತ್ರ ತುಂಬಿರ್ತದೆ. ಆಗಾಕಿಲ್ಲ."

"ಅದ್ಕೇನು?" ನಾರಾಯಣಪ್ಪ ಮುದ್ದೆ ಮುರಿದು ಸಾರಿಗೆ ಅದ್ದಿದ. "ನಾನು ಓಯ್ತೀನಿ. ಸೊಸೆ ಬಸ್ರಿ, ಅದ್ಕೇ ಮಾವ ಬಂದವ್ನೆ ಅಂದ್ರಾಯ್ತು. ಪಳನಿಯಪ್ಪ, ಅಂಗೇ ಬರ್ದು ಕಳ್ಸು."

"ಸರಿ ತಲೈವರೇ," ಎಂದ ಪಳನಿಯಪ್ಪನ್.

ವನಿತಾ ಪಾತ್ರೆಯನ್ನು ಕೆಳಗಿಟ್ಟಳು. "ಮಾವ, ಕಾಗದ ಕೊಡಿ." ನಿಂತೇ ಎರಡು ಸಲ ಓದಿದಳು. "ಏನೂ ಬರೀಬೇಡಿ ಅಣ್ಣ. ನಾನೇ ಓಯ್ತೀನಿ."

ಮೇಲ್‌ಕೊಟ್ಟಾಯಿ ಎಂದರೆ ಗುಡ್ಡದ ಬುಡದ ನಲವತ್ತು ಮನೆ. ಅಲ್ಲಿನ ಹೆಂಗಸರು ಕೊಡ ಹೊತ್ತು ಒಂದೂವರೆ ಮೈಲಿ ಇಳಿದು ಬರುತ್ತಿದ್ದರು. 'ನಮ್ಗೆ ಓಟಾಕದೇ ಇರೋರ್ಗೆ ಯಾಕೆ ನೀರು? ನಮ್ ಬೀದಿ ಕೊಳಾಯಿ ಬತ್ತೋಯ್ತದೆ' ಎಂದು ಆಗ ಅಡ್ಡ ನಿಂತವನು ನಾರಾಯಣಪ್ಪನೇ. ಆ ವರ್ಷ ವನಿತಾ ಮೊದಲ ಸಲ ತಾನಾಗಿ ಗ್ರಾಮಸಭೆಗೆ ಹೋಗಿ ಕುರ್ಚಿಯಲ್ಲಿ ಕುಳಿತಳು. ಧರ್ಮಪುರಿ ಕಲೆಕ್ಟರ್ ಆಫೀಸಿಗೆ ಬಸ್ಸಿನಲ್ಲಿ ಅಲೆದು ಅಲೆದು ಪೈಪು ಮಂಜೂರು ಮಾಡಿಸಿದಳು. ಮನೆಯಲ್ಲಿ ಆ ಮಾತು ಮತ್ತೆ ಯಾರೂ ಎತ್ತಿರಲಿಲ್ಲ.

"ತಲೆ ಕೆಟ್ಟಿತಾ ನಿಂಗೆ?" ರಾಮಕ್ಕ ಎದ್ದು ಬಂದಳು. "ಒಟ್ಟೇಲಿ ಮಗೀನ ಇಟ್ಕೊಂಡು ಆಕಾಸ್ದಲ್ಲಿ ಓಗ್ತೀಯಾ?"

"ಡಾಕ್ಟರಮ್ಮನ್ನ ಕೇಳಾವ ಅತ್ತೆ. ಅವ್ರು ಬೇಡ ಅಂದ್ರೆ ಓಗಲ್ಲ."

"ನಾನು ಬೇಡ ಅಂತಾ ಇವ್ನಿ. ಅದು ಸಾಲ್ದಾ?" ಎಂದ ನಾರಾಯಣಪ್ಪ.

"ಸಾಲಲ್ಲ ಮಾವ."

ಪಳನಿಯಪ್ಪನ್ ಮೆಲ್ಲಗೆ ಗಾಡಿ ಹತ್ತಿದ.

ಸಂಜೆ ಹಾಲಿನ ಸೊಸೈಟಿಯ ವ್ಯಾನು ನಿಲ್ಲಿಸಿ ಬಂದ ಗಂಡ ಗಿರಿಗೆ ಅಂಗಳದಲ್ಲೇ ಅಪ್ಪನಿಂದ ಸುದ್ದಿ ಸಿಕ್ಕಿತ್ತು. ವನಿತಾ ಜಗಲಿಯ ಮೇಲೆ ಕಾಲು ಚಾಚಿ ಕಡಲೆಕಾಯಿ ಸುಲಿಯುತ್ತಿದ್ದಳು. ಅವನೂ ಪಕ್ಕದಲ್ಲಿ ಕುಳಿತು ಒಂದು ಹಿಡಿ ತೆಗೆದುಕೊಂಡ.

"ಅಪ್ಪನ್ ಕೂಡೆ ಯಾಕೆ ಎದ್ರಾಕ್ಕೊಂಡೆ?"

"ಯಾರು ಎದ್ರಾಕ್ಕೊಂಡಿದ್ದು? ನನ್ನ ಎಸ್ರಿಗೆ ಬಂದ ಕಾಗದ, ನಾನು ಓಯ್ತೀನಿ ಅಂದೆ."

"ಐದು ವರ್ಸ ಕಾದು ಬಂದ ಮಗ ಇದು, ವನಿತಾ."

"ಕಾದಿದ್ದು ನೀವೊಬ್ರೇನಾ?" ಅವಳು ಸುಲಿಯುವುದನ್ನು ನಿಲ್ಲಿಸಿದಳು. "ಆ ಐದು ವರ್ಸವೂ ಊರೆಲ್ಲ ಕೇಳಿದ್ದು ನನ್ನನ್ನ, ನಿಮ್ಮನ್ನಲ್ಲ. ಮಗೀಗೆ ಏನಾರಾ ಆಯ್ತದೆ ಅಂತ ಒಬ್ಬ ಡಾಕ್ಟ್ರು ಯೋಳ್ಲಿ, ಈ ಜಗಲಿ ಬಿಟ್ಟು ಏಳಾಕಿಲ್ಲ. ಮಾವನಿಗೆ ಪೋಟೋ ಬೇಕು ಅಂತ ನಾನು ಕೂರಾಕಿಲ್ಲ."

"ರೈಲಲ್ಲಾದ್ರೂ ಓಗ್ಬೌದಲ್ಲ? ನೆಲದ ಮೇಲೆ ಇರ್ತದೆ."

"ಅದ್ನೂ ಕೇಳಾವ."

ಕಾರಿಮಂಗಲಂನಿಂದ ಅವಳ ತಾಯಿ ಸಿದ್ದಲಕ್ಷ್ಮಮ್ಮ ಫೋನಿನಲ್ಲಿ ಅತ್ತಳು. ಬಳೆ ತೊಡಿಸಿ ತವರಿಗೆ ಕರೆತರಬೇಕೆಂದಿದ್ದ ದಿನವೇ ಪ್ರಯಾಣದ ದಿನ. ವನಿತಾ ಅಳು ಮುಗಿಯುವವರೆಗೆ ಕೇಳಿಸಿಕೊಂಡು, "ಬಳೆ ಒಂದು ವಾರ ಮುಂಚೆ ತೊಡ್ಸಮ್ಮ" ಎಂದಳು.

ಸೋಮವಾರ ಹರೂರಿನ ಸರ್ಕಾರಿ ಆಸ್ಪತ್ರೆಗೆ ಹೊರಟಾಗ ರಾಮಕ್ಕ ತಾನೂ ಬಸ್ಸು ಹತ್ತಿದಳು. ಡಾಕ್ಟರ ಬಾಯಿಂದಲೇ ಬೇಡ ಎನ್ನಿಸಬೇಕು ಎಂಬುದು ಅವಳ ಯೋಚನೆ.

ಡಾಕ್ಟರ್ ಚಂದ್ರಿಕಾ ತೂಕ ನೋಡಿದರು, ಬಿ.ಪಿ. ನೋಡಿದರು, ಸ್ಕ್ಯಾನಿನ ಹಾಳೆ ತಿರುವಿ ಹಾಕಿದರು. ಹೋಗುವಾಗ ಎಷ್ಟು ವಾರ ಆಗಿರುತ್ತದೆಂದು ಲೆಕ್ಕ ಹಾಕಿ, ತಮಿಳಿನಲ್ಲಿ ನಿಧಾನವಾಗಿ ಹೇಳಿದರು.

"ಮೂವತ್ತನಾಲ್ಕು. ಒಂದೇ ಮಗು, ಇದುವರೆಗೆ ಎಲ್ಲ ಸರಿಯಾಗಿದೆ. ಮೂವತ್ತಾರು ವಾರದ ಮೇಲೆ ಅವರೇ ಹತ್ತಿಸುವುದಿಲ್ಲ. ಅದಕ್ಕೆ ಮೊದಲು ಹೋಗಿ ವಾಪಸ್ಸೂ ಬರಬೇಕು. ಮೂವತ್ತೆರಡರ ಮೇಲೆ ಡಾಕ್ಟರ ಸರ್ಟಿಫಿಕೇಟು ಬೇಕು. ಅದನ್ನು ಇವತ್ತು ಬರೆಯುವುದಿಲ್ಲ. ಹೊರಡುವ ಎರಡು ದಿನ ಮುಂಚೆ ಬಾ, ನೋಡಿ ಬರೆಯುತ್ತೇನೆ. ರಕ್ತ ಕಡಿಮೆ ಇದೆ, ಅದು ಏರಬೇಕು. ಬಿ.ಪಿ. ಏರಬಾರದು."

"ರೈಲು?" ಎಂದಳು ವನಿತಾ.

"ಎರಡು ರಾತ್ರಿ ಕಾಲು ಇಳಿಬಿಟ್ಟು ಕೂರುತ್ತೀಯಾ? ದಾರಿಯಲ್ಲಿ ನೋವು ಬಂದರೆ ಯಾವ ಸ್ಟೇಷನ್ನಿನಲ್ಲಿ ಇಳಿಯುತ್ತೀಯ? ನಿನಗೆ ಅದಕ್ಕಿಂತ ಫ್ಲೈಟೇ ವಾಸಿ."

ರಾಮಕ್ಕನಿಗೆ ತಡೆಯಲಾಗಲಿಲ್ಲ. "ಅಂಗನ್ಬೇಡಿ ಡಾಕ್ಟ್ರೇ. ನನ್ನ ಮೊದಲ್ನೇ ಮಗ ಇಂಗೇ ಓಯ್ತು. ಎಂಟು ತಿಂಗ್ಳಲ್ಲಿ ಪಾಪಿರೆಡ್ಡಿಪಟ್ಟಿಗೆ ತಂಗಿ ಮದ್ವೆಗೆ ಅಂತ ಲಾರಿ ಅತ್ತಿ ಓದೆ. ನಮ್ಮತ್ತೆ ಬೇಡ ಅಂದಿದ್ರು, ಅಟ ಮಾಡ್ಕೊಂಡು ಓದೆ. ಬಂದ ಮೂರ್ನೇ ದಿನಕ್ಕೆ ಒಟ್ಟೇಲೇ ಸತ್ತೋಯ್ತು. ಗಂಡು."

ವನಿತಾ ತಿರುಗಿ ನೋಡಿದಳು. ಐದು ವರ್ಷದಲ್ಲಿ ಈ ಮಾತು ಅವಳ ಕಿವಿಗೆ ಬಿದ್ದಿರಲಿಲ್ಲ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಹೋಗುವ ಮೊದಲು ನಿಮಗೆ ಕಾಲು ಊದಿತ್ತಾ ಅಮ್ಮ?"

"ಊದಿತ್ತು. ಕೈಯೂ ಊದಿತ್ತು. ಬಳೆ ಒಡೆದು ತೆಗ್ದಿದ್ರು."

"ತಲೆನೋವು?"

"ವಾರದಿಂದ. ಕಣ್ಣು ಮಂಜಾಗ್ತಿತ್ತು."

"ಬಿ.ಪಿ. ಯಾರಾದರೂ ನೋಡಿದ್ದರಾ?"

"ಯಾರು ನೋಡ್ತಿದ್ರು? ಡಾಕ್ಟ್ರ ಮೊಕನೇ ನೋಡಿರ್ಲಿಲ್ಲ."

"ಇಷ್ಟು ವರ್ಷದ ಮೇಲೆ ನಾನು ಖಂಡಿತ ಹೀಗೇ ಅಂತ ಹೇಳಲಾರೆ. ಆದರೆ ನೀವು ಹೇಳಿದ್ದೆಲ್ಲ ಬಿ.ಪಿ. ಏರಿದ್ದರ ಗುರುತು. ನೀವು ಮನೆಯಲ್ಲೇ ಮಲಗಿದ್ದರೂ ಆ ಮಗು ಉಳಿಯುತ್ತಿತ್ತೋ ಇಲ್ಲವೋ. ಲಾರಿಯಿಂದ ಹೋಯಿತು ಅಂತ ನನಗೆ ಅನ್ನಿಸುವುದಿಲ್ಲ."

ಬಸ್ಸಿನಲ್ಲಿ ರಾಮಕ್ಕ ಕಿಟಕಿಯ ಕಂಬಿ ಹಿಡಿದು ಹೊರಗೆ ನೋಡುತ್ತ ಕುಳಿತಿದ್ದಳು. ಊರು ಬಂದಾಗಲೂ ಏಳಲಿಲ್ಲ. ವನಿತಾ ಭುಜ ಮುಟ್ಟಿ ಎಬ್ಬಿಸಬೇಕಾಯಿತು.

ಮರುದಿನದಿಂದ ಮನೆಯಲ್ಲಿ ನುಗ್ಗೆಸೊಪ್ಪು ಶುರುವಾಯಿತು. ಸೊಪ್ಪಿನ ಪಲ್ಯ, ಸೊಪ್ಪಿನ ಸಾರು, ರಾಗಿ ರೊಟ್ಟಿಗೂ ಸೊಪ್ಪು. ರಾಮಕ್ಕನೇ ಬಡಿಸುತ್ತಿದ್ದಳು. ಊಟವಾದ ಮೇಲೆ ಕಬ್ಬಿಣದ ಮಾತ್ರೆ, ನೀರಿನ ಚೊಂಬು ಸೊಸೆಯ ಮುಂದೆ ಇಟ್ಟು ಅವಳು ನುಂಗುವವರೆಗೆ ನಿಂತಿರುತ್ತಿದ್ದಳು. ಹೋಗು ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

"ದಿನಾ ಇದೇನಾ? ನಾವೇನು ಆಡು ಕುರೀನಾ?" ಎಂದ ನಾರಾಯಣಪ್ಪ ಐದನೆಯ ದಿನ.

"ಬೇಡಾದ್ರೆ ಬಿಡಿ," ಎಂದಳು ರಾಮಕ್ಕ.

ಮೂರನೆಯ ವಾರ ನಾರಾಯಣಪ್ಪ ಬಿ.ಡಿ.ಓ. ಆಫೀಸಿಗೆ ಎರಡು ಸಲ ಹೋಗಿಬಂದ. ಶನಿವಾರ ಬೆಳಗ್ಗೆ ತಿಂಡಿಯ ಹೊತ್ತಿಗೆ ಎಂದಿನಂತೆ ಕಾಗದದ ಕಟ್ಟು ತಂದು ವನಿತಾಳ ಮುಂದಿಟ್ಟ. ಬೀದಿದೀಪದ ಬಿಲ್ಲು, ನೂರು ದಿನದ ಕೆಲಸದ ಪಟ್ಟಿ, ಚರಂಡಿಯ ಅರ್ಜಿ. ವನಿತಾ ಒಂದೊಂದನ್ನೇ ಓದಿ ಸಹಿ ಹಾಕುತ್ತ ಬಂದಳು. ನಾಲ್ಕನೆಯದು ತಮಿಳಿನಲ್ಲಿ ಟೈಪು ಮಾಡಿಸಿದ ಪತ್ರ. 'ನಾನು ತುಂಬು ಗರ್ಭಿಣಿಯಾಗಿರುವುದರಿಂದ ನನ್ನ ಪರವಾಗಿ ನನ್ನ ಮಾವನವರು ಸಮ್ಮೇಳನದಲ್ಲಿ ಭಾಗವಹಿಸಿ ಗೌರವವನ್ನು ಸ್ವೀಕರಿಸಲು ಒಪ್ಪಿರುತ್ತೇನೆ.'

ಅವಳು ಅದನ್ನು ಪಕ್ಕಕ್ಕಿಟ್ಟು ಉಳಿದವನ್ನು ಮುಗಿಸಿದಳು.

"ಅದೊಂದು ಬಿಟ್ಟೆ," ಎಂದ ನಾರಾಯಣಪ್ಪ.

"ಬಿಡ್ಲಿಲ್ಲ ಮಾವ. ಓದ್ದೆ. ಇದಕ್ಕೆ ಕೈಯೆಳುತ್ತು ಆಕಲ್ಲ."

"ಆಕು ಅಂದ್ರೆ ಆಕ್ಬೇಕು. ನಿನ್ನನ್ನ ನಿಲ್ಸಿದ್ದು ಯಾರು? ಮನೆಮನೆಗೆ ಓಗಿ ಓಟು ಕೇಳಿದ್ದು ಯಾರು?"

"ನೀವು. ಇಲ್ಲ ಅಂದೋರ್ಯಾರು? ಆದ್ರೆ ಶೀಲ್ಡು ಕೊಡ್ತಿರೋದು ಓಟಿಗಲ್ಲ, ಮೇಲ್‌ಕೊಟ್ಟಾಯಿ ನೀರಿಗೆ. ಅದು ಬೇಡ ಅಂದೋರು ನೀವು. ಅಲ್ಲಿ ಓಗಿ ನಿಂತು ಏನಂತ ಯೋಳ್ತೀರಾ?"

ನಾರಾಯಣಪ್ಪ ಮಗನ ಕಡೆ ತಿರುಗಿದ. "ಗಿರಿ, ನಿನ್ನ ಎಂಡ್ತಿ ಬಾಯಿ ನೋಡ್ಲಾ! ಎರಡೆಜ್ಜೆ ಇಡಾಕೆ ಸೊಂಟ ಇಡ್ಕೊಳ್ಳೋಳು ದಿಲ್ಲಿಗೆ ಓಯ್ತಾಳಂತೆ. ನಾಳೆ ಮಗೀಗೆ ಏನಾರಾ ಆದ್ರೆ ಯಾರು ಒಣೆ? ನಿಮ್ಮವ್ವನೂ ಇಂಗೇ ಅಟ ಮಾಡಿ, ಲಾರಿ ಅತ್ತಿ, ನಮ್ಮೊಂಸದ ಮೊದಲ್ನೇ ಗಂಡು ಕೂಸ್ನ ಕಳ್ದಳು!"

ಒಲೆಯ ಮುಂದಿದ್ದ ರಾಮಕ್ಕ ರೊಟ್ಟಿ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು.

"ಇನ್ನೊಂದ್ಸಲ ಯೋಳಿ."

"ನಿಂಗೇನೂ ಯೋಳ್ಲಿಲ್ಲ ನಾನು. ಒಳಕ್ಕೋಗು."

"ಓಗಾಕಿಲ್ಲ. ಮೂವತ್ನಾಕು ವರ್ಸದಿಂದ ಯಾರೂ ಇಲ್ದಾಗ ಯೋಳ್ತಾ ಇವ್ರಿ. ನಿಮ್ಮವ್ವ ಸಾಯೋವರ್ಗೂ ಯೋಳ್ತಾ ಇದ್ರು. ನಾನೂ ಅದ್ನೇ ನಂಬ್ಕೊಂಡು ಕುಂತಿದ್ದೆ. ಅವತ್ತು ನನ್ನ ಕೈ ಊದಿ ಬಳೆ ಒಡೆದು ತೆಗ್ದಿದ್ದು ಯಾರು? ನೀವೇ ಅಲ್ವಾ? ತಲೆ ಸೀಳ್ತದೆ, ಆಸ್ಪತ್ರೆಗೆ ಕರ್ಕೊಂಡೋಗಿ ಅಂತ ನಾನು ಕೇಳಿದ್ದು ನೆನಪೈತಾ? ಬಸ್ರೀರ್ಗೆಲ್ಲ ಇರೋದೇ ಅಂದ್ರಿ. ಅದು ಕಾಯ್ಲೆ ಅಂತೆ. ಬಿ.ಪಿ. ಅಂತೆ. ಲಾರೀದಲ್ಲ ತಪ್ಪು. ಡಾಕ್ಟ್ರು ಯೋಳುದ್ರು."

"ಅವ್ವ," ಎಂದ ಗಿರಿ.

"ನೀನು ಸುಮ್ಕಿರು." ರಾಮಕ್ಕ ಗಂಡನ ಕಡೆಯಿಂದ ಕಣ್ಣು ತೆಗೆಯಲಿಲ್ಲ. "ನನ್ನನ್ನ ಯಾರೂ ನೋಡ್ಲಿಲ್ಲ. ಇವಳ್ನ ವಾರವಾರ ನೋಡ್ತಾವ್ರೆ. ನೋಡಿ ಓಗು ಅಂದ್ರೆ ಓಯ್ತಾಳೆ. ಜತೇಲಿ ನಾನು ಓಯ್ತೀನಿ."

"ನೀನಾ?" ನಾರಾಯಣಪ್ಪ ನಕ್ಕ. "ಸೇಲಂ ದಾಟಿಲ್ಲ ನೀನು."

"ದಾಟ್ಸಿದ್ಯಾರು?"

ವನಿತಾ ಪತ್ರವನ್ನು ಮಡಿಚಿ, ಹರಿಯದೆ, ಮಾವನ ತಟ್ಟೆಯ ಪಕ್ಕದಲ್ಲಿಟ್ಟಳು. ನಾರಾಯಣಪ್ಪ ಅರ್ಧ ತಿಂದ ರೊಟ್ಟಿ ಬಿಟ್ಟು ಎದ್ದುಹೋದ. ಆ ದಿನದಿಂದ ಅವನ ಊಟ ತಮ್ಮನ ಮನೆಯಲ್ಲಿ. ರಾಮಕ್ಕ ಕರೆಯಲು ಹೋಗಲಿಲ್ಲ. ಹಟ್ಟಿಯ ಕುರಿಗಳಿಗೆ ಮಾತ್ರ ಅವನೇ ಬಂದು ನೀರು ಇಟ್ಟು, ಯಾರನ್ನೂ ನೋಡದೆ ಹೋಗುತ್ತಿದ್ದ.

ಸೋಮವಾರ ಗಿರಿ ಯಾರಿಗೂ ಹೇಳದೆ ಬಿ.ಡಿ.ಓ. ಆಫೀಸಿಗೆ ಹೋಗಿ ಹೆಂಡತಿಯ ಹೆಸರನ್ನೂ ತಾಯಿಯ ಹೆಸರನ್ನೂ ಬರೆಸಿ ಬಂದ. ಸಂಜೆ ಹಾಲಿನ ಕ್ಯಾನು ತೊಳೆಯುತ್ತ, "ಅವ್ವ, ನಿನ್ನ ಆಧಾರ್ ಎಲ್ಲೈತೆ? ಅದಿಲ್ದೆ ಫ್ಲೈಟಲ್ಲಿ ಬಿಡಲ್ಲ" ಎಂದ. ವನಿತಾ ಬಾಗಿಲಲ್ಲಿ ನಿಂತು ಅವನನ್ನು ನೋಡಿದಳು. "ಏನು?" ಎಂದ. "ಏನಿಲ್ಲ," ಎಂದು ಅವನ ಕೈಯಿಂದ ಬ್ರಷ್ಷು ಕಸಿದುಕೊಂಡು, "ಕಾಪಿ ಆರ್ತದೆ, ಕುಡೀರಿ" ಎಂದಳು.

ಕಾರಿಮಂಗಲಂನವರು ಬಂದು ಬಳೆ ತೊಡಿಸಿ, ತವರಿಗೆ ಹೆರಿಗೆಯ ಮೇಲೆ ಬರಲೆಂದು ಹೇಳಿ ಹೋದರು. ಹೊರಡುವ ಎರಡು ದಿನ ಮುಂಚೆ ಅತ್ತೆ ಸೊಸೆ ಮತ್ತೆ ಹರೂರಿಗೆ ಹೋದರು. ಬಸ್ ಸ್ಟ್ಯಾಂಡಿನಿಂದ ಬಿಸಿಲಿನಲ್ಲಿ ನಡೆದೇ ಬಂದಿದ್ದರು. ಡಾಕ್ಟರು ಬಿ.ಪಿ. ಪಟ್ಟಿ ಬಿಚ್ಚಿ ಹುಬ್ಬು ಗಂಟಿಕ್ಕಿದರು.

"ನೂರ ಮೂವತ್ತೆಂಟು, ಎಂಬತ್ತೆಂಟು. ಹೊರಗೆ ಹೋಗಿ ಎಡಕ್ಕೆ ಹೊರಳಿ ಮಲಗು. ಅರ್ಧ ಗಂಟೆ. ಮತ್ತೆ ನೋಡುತ್ತೇನೆ. ಆಗಲೂ ಹೀಗೇ ಇದ್ದರೆ ಬರೆಯುವುದಿಲ್ಲ. ಕೈಮುಗಿದರೂ ಬರೆಯುವುದಿಲ್ಲ."

"ಕೈಮುಗಿಯಲ್ಲ ಮೇಡಂ," ಎಂದಳು ವನಿತಾ.

ಹೊರಗೆ ಬೆಂಚಿನ ಮೇಲೆ ಅವಳು ಮಲಗಿದಳು. ರಾಮಕ್ಕ ಸೆರಗಿನಿಂದ ಗಾಳಿ ಬೀಸಿದಳು.

"ಇಳೀದಿದ್ರೆ?" ಎಂದಳು ರಾಮಕ್ಕ.

"ಇಳೀದಿದ್ರೆ ಓಗಲ್ಲ ಅತ್ತೆ. ಮಾವನೂ ಓಗಲ್ಲ. ಶೀಲ್ಡು ಪೋಸ್ಟಲ್ಲಿ ಬರ್ಲಿ."

"ಬೇಜಾರಾಗಲ್ವಾ?"

"ಆಯ್ತದೆ. ಅತ್ತು ಸುಮ್ನಾಯ್ತೀನಿ. ಆದ್ರೆ ಬೇಡ ಅಂತ ತೀರ್ಮಾನ ಮಾಡಿದೋಳು ನಾನಾಗಿರ್ತೀನಿ."

ಅರ್ಧ ಗಂಟೆಯ ಮೇಲೆ ನೂರ ಹದಿನೆಂಟು, ಎಪ್ಪತ್ತಾರು. ಮೂತ್ರದ ಪರೀಕ್ಷೆಯೂ ಸರಿಯಿತ್ತು. ರಕ್ತವೂ ಏರಿತ್ತು. ಡಾಕ್ಟರು ಸರ್ಟಿಫಿಕೇಟು ಬರೆದು ಮೊಹರು ಒತ್ತಿದರು. "ಬೆಲ್ಟು ಹೊಟ್ಟೆಯ ಕೆಳಗೆ ಕಟ್ಟು. ನೀರು ಕುಡಿ. ಗಂಟೆಗೊಮ್ಮೆ ಎದ್ದು ನಡೆ. ತಲೆನೋವು, ರಕ್ತ, ಹೊಟ್ಟೆ ಬಿಗಿತ, ಏನು ಬಂದರೂ ತಕ್ಷಣ ಹೇಳು, ನಾಚಿಕೊಳ್ಳಬೇಡ."

"ನಾನಿರ್ತೀನಲ್ಲ ಡಾಕ್ಟ್ರೇ," ಎಂದಳು ರಾಮಕ್ಕ.

ಸೇಲಂ ಏರ್‌ಪೋರ್ಟಿಗೆ ಗಿರಿಯೇ ಬಿಟ್ಟುಬಂದ. ಕೌಂಟರಿನ ಹುಡುಗಿ ವನಿತಾಳ ಹೊಟ್ಟೆ ನೋಡಿ, ಸರ್ಟಿಫಿಕೇಟಿನ ತಾರೀಕು ನೋಡಿ, ಒಂದು ಫಾರಂ ಕೊಟ್ಟು ಸಹಿ ಹಾಕಿಸಿಕೊಂಡಳು. ಚೆನ್ನೈಯಲ್ಲಿ ದಿಲ್ಲಿಯ ಫ್ಲೈಟು ಹತ್ತುವ ಬಾಗಿಲಲ್ಲಿ ಇನ್ನೊಬ್ಬ ಹುಡುಗ ತಡೆದ.

"ಮೇಡಂ, ಇಷ್ಟು ತಿಂಗಳಾದವರನ್ನು ಹತ್ತಿಸಲು ಆಗುವುದಿಲ್ಲ. ಜೊತೆಗೆ ಗಂಡ ಇಲ್ಲವಾ?"

"ಎಷ್ಟು ವಾರದವರೆಗೆ ಹತ್ತಿಸುತ್ತೀರಿ?" ವನಿತಾ ತಮಿಳಿನಲ್ಲಿ ಕೇಳಿದಳು.

"ಮೂವತ್ತಾರು."

"ನನಗೆ ಮೂವತ್ತನಾಲ್ಕು. ಇದು ಸರ್ಟಿಫಿಕೇಟು, ಇದು ನಿಮ್ಮ ಸೇಲಂನವರು ತುಂಬಿಸಿಕೊಂಡ ಫಾರಂ. ಗಂಡ ಬೇಕು ಅಂತ ಇದರಲ್ಲಿ ಎಲ್ಲಿ ಬರೆದಿದೆ, ತೋರಿಸಿ."

ಹುಡುಗ ಮೇಲಿನವರನ್ನು ಕರೆದ. ಆಕೆ ಬಂದು, ಓದಿ, "ಸರಿಯಾಗಿದೆ, ಬಿಡು" ಎಂದಳು. ಹುಡುಗ "ಸಾರಿ ಮೇಡಂ" ಎಂದು ದಾರಿ ಬಿಟ್ಟ.

ವಿಮಾನ ಏರುವಾಗ ರಾಮಕ್ಕ ಕಣ್ಣು ಮುಚ್ಚಿ ಸೊಸೆಯ ಮೊಣಕೈ ಹಿಡಿದವಳು, ಮೋಡ ಬಂದಾಗ ಒಂದು ಕಣ್ಣು ತೆರೆದಳು, ಆಮೇಲೆ ಎರಡನ್ನೂ. ಗಂಟೆಯಾದ ಕೂಡಲೇ, "ಏಳು, ನಡಿ" ಎಂದಳು. ವನಿತಾ ಸೀಟುಗಳ ನಡುವೆ ಹಿಂದಿನಿಂದ ಮುಂದಕ್ಕೆ ನಡೆದಳು. ಅವಳ ಬೆನ್ನ ಹಿಂದೆ, ಬಿದ್ದರೆ ಹಿಡಿಯಲು ಎರಡೂ ಕೈ ಚಾಚಿಕೊಂಡು ರಾಮಕ್ಕ. ಕುಳಿತವರೆಲ್ಲ ಕಾಲು ಒಳಗೆ ಎಳೆದುಕೊಂಡರು.

ದಿಲ್ಲಿಯ ಸಭಾಂಗಣದಲ್ಲಿ ಜೊತೆಗೆ ಬಂದವರಿಗೆಂದು ಹಿಂದಿನ ಸಾಲುಗಳು. ಅಲ್ಲಿ ಕುಳಿತವರಲ್ಲಿ ಹೆಚ್ಚಿನವರು ಗಂಡಂದಿರು, ಮೈದುನರು, ಮಾವಂದಿರು. ಅವರ ನಡುವೆ ರಾಮಕ್ಕ ಹೊಸ ಸೀರೆ ಉಟ್ಟು, ಬಿಸಿನೀರಿನ ಫ್ಲಾಸ್ಕು ತೊಡೆಯ ಮೇಲಿಟ್ಟು ಕುಳಿತಳು. ವನಿತಾಳಿಗೆ ಮೂರು ನಿಮಿಷ ಕೊಟ್ಟಿದ್ದರು. ಅವಳು ತಮಿಳಿನಲ್ಲಿ ಮಾತಾಡಿದಳು, ಪಕ್ಕದಲ್ಲಿ ಒಬ್ಬಾಕೆ ಹಿಂದಿಗೆ ತಿರುಗಿಸಿದಳು. ಪೈಪಿನ ಉದ್ದ ಹೇಳಿದಳು, ಮನೆಗಳ ಸಂಖ್ಯೆ ಹೇಳಿದಳು. ಕೊನೆಗೆ, "ಆ ನೀರು ಬೇಡ ಎಂದವರು ಹೊರಗಿನವರಲ್ಲ. ನಮ್ಮ ಮನೆಯಲ್ಲೇ ಇದ್ದರು. ನಿಮ್ಮಲ್ಲೂ ಎಷ್ಟೋ ಜನರಿಗೆ ಹಾಗೇ ಇರಬಹುದು. ಆದರೂ ಸಹಿ ನಮ್ಮದು ತಾನೇ" ಎಂದಳು. ಮುಂದಿನ ಸಾಲಿನ ಹೆಂಗಸರು ಮೊದಲು ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ತಟ್ಟಿದವಳು ರಾಮಕ್ಕ ಒಬ್ಬಳೇ.

ಅವರು ಊರಿಗೆ ಬರುವ ಮೊದಲೇ ಆ ಮಾತಿನ ವಿಡಿಯೋ ಪಳನಿಯಪ್ಪನ ಫೋನಿಗೆ ಬಂದು, ಟೀ ಅಂಗಡಿಯಲ್ಲಿ ನಾರಾಯಣಪ್ಪನೂ ನೋಡಿದ್ದ. ಬಂದ ಮಾರನೆಯ ದಿನ ಮಧ್ಯಾಹ್ನ ಅವನು ಮನೆಯೊಳಗೆ ಬಂದು ಕೈ ತೊಳೆದು ಎಂದಿನ ಜಾಗದಲ್ಲಿ ಕುಳಿತ. ರಾಮಕ್ಕ ತಟ್ಟೆ ಇಟ್ಟಳು.

"ನಮ್ಮನೇಲೇ ಅಂತ ಅಲ್ಲಿ ಯೋಳ್ಬೇಕಿತ್ತಾ?" ಎಂದ, ತಟ್ಟೆಯನ್ನೇ ನೋಡುತ್ತ.

"ಯಾರು ಅಂತ ಯೋಳ್ಲಿಲ್ಲ ಮಾವ."

"ಯೋಳ್ದಂಗೇ ಆಯ್ತು. ಟೀ ಅಂಗ್ಡೀಲಿ ಎಲ್ರೂ ನನ್ನ ಮೊಕಾನೇ ನೋಡುದ್ರು."

"ನಿಜ ತಾನೇ?" ಎಂದಳು ವನಿತಾ.

ಅವನು ಚೊಂಬು ಎತ್ತಿ ನೀರು ಕುಡಿದ.

"ಮುದ್ದೆ ಆರ್ತದೆ," ಎಂದಳು ರಾಮಕ್ಕ. ಅವನು ಉಂಡ.

ಮೂವತ್ತೊಂಬತ್ತನೇ ವಾರ, ಒಂದು ಗುರುವಾರ ಬೆಳಗ್ಗೆ, ಹರೂರಿನ ಆಸ್ಪತ್ರೆಯಲ್ಲಿ ವನಿತಾ ಹೆತ್ತಳು. ಹೆಣ್ಣು, ಮೂರು ಕಿಲೋ. ಗಿರಿ ಸಿಹಿ ತರಲು ಹೋಗಿದ್ದ. ರಾಮಕ್ಕ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡಿದ್ದಳು. ನಾರಾಯಣಪ್ಪ ಬಾಗಿಲ ಹತ್ತಿರ ನಿಂತಿದ್ದ, ಒಳಗೆ ಬರುವುದೋ ಬೇಡವೋ ಎಂಬಂತೆ.

ಜನನ ಬರೆದುಕೊಳ್ಳುವ ನರ್ಸಮ್ಮ ಫಾರಂ ಹಿಡಿದು ಬಂದಳು. ಅವಳಿಗೆ ನಾರಾಯಣಪ್ಪನ ಗುರುತಿತ್ತು. "ವಾಂಗ ತಲೈವರೇ," ಎಂದು ನಕ್ಕು ಬರಮಾಡಿಕೊಂಡು, ಅವನ ಪಕ್ಕದಲ್ಲೇ ನಿಂತು ಕೇಳತೊಡಗಿದಳು. ತಂದೆಯ ಹೆಸರು, ಕೆಲಸ. ತಾಯಿಯ ಹೆಸರು. "ತಾಯಿಗೆ ಕೆಲಸ ಏನಿಲ್ಲ, ಮನೆಯಲ್ಲೇ ತಾನೇ?" ಎನ್ನುತ್ತ ಬರೆಯಲು ಬಗ್ಗಿದಳು.

"ನನ್ಯಾಕೆ ಕೇಳ್ತೀಯಮ್ಮ?" ನಾರಾಯಣಪ್ಪ ರೇಗಿದ. "ಅಲ್ಲೇ ಮಲ್ಗವ್ಳಲ್ಲ, ಬಾಯಿಲ್ವಾ ಅವಳ್ಗೆ? ಅವಳ್ನೇ ಕೇಳು."

ನರ್ಸಮ್ಮ ಮಂಚದ ಕಡೆ ತಿರುಗಿದಳು. ವನಿತಾ ಒಂದು ಕೈ ಊರಿ ಎದ್ದು ಕುಳಿತಳು. ರಾಮಕ್ಕ ಬೇಡ ಮಲಗು ಎನ್ನುತ್ತಿದ್ದರೂ ಕುಳಿತಳು.

"ಬರ್ಕೊಳ್ಳಿ," ಎಂದಳು. "ಆನೆಕಲ್ಲುಪಟ್ಟಿ ಪಂಚಾಯಿತಿ ಪ್ರೆಸಿಡೆಂಟ್."